ಫಿಲ್ಮ್‌ಗೆ ಹಾಕಿದ ಲವಂಗದ ಎಣ್ಣೆ ಎಲ್ಲಿ ಹೋಯಿತು? ಪಿಷ್ಟದ ಪ್ಯಾಕಿಂಗ್ ಹಾಳೆಗಳ ದೋಷ ನಿವಾರಣೆ

ಮಣ್ಣಲ್ಲಿ ಕರಗುವ ಪ್ಯಾಕಿಂಗ್ ಫಿಲ್ಮ್ ಮಾಡಲು ಹೊರಟ ವಿದ್ಯಾರ್ಥಿಗಳು ಮತ್ತು ಸಣ್ಣ ಉದ್ಯಮದವರು ಹೆಚ್ಚಾಗಿ ಒಂದೇ ದೂರು ಹೇಳುತ್ತಾರೆ. "ಲವಂಗದ ಎಣ್ಣೆ ಹಾಕಿದ್ದೀವಿ, ಆದ್ರೂ ಬ್ಯಾಕ್ಟೀರಿಯಾ ಬೆಳೀತಿದೆ. ಎಣ್ಣೆ ಜಾಸ್ತಿ ಮಾಡೋಣ್ವಾ?" ಬೇಡ. ಮೊದಲು ಹಾಕಿದ ಎಣ್ಣೆ ಎಲ್ಲಿ ಹೋಯಿತು ಅಂತ ಹುಡುಕಿ. ಎಣ್ಣೆ ಜಾಸ್ತಿಯಾದರೆ ಫಿಲ್ಮ್ ಜಿಡ್ಡಾಗುತ್ತದೆ, ಬೇಗ ಹರಿಯುತ್ತದೆ, ಒಳಗಿನ ತಿಂಡಿಗೆಲ್ಲ ಲವಂಗದ ವಾಸನೆ ಹತ್ತುತ್ತದೆ. ಮೂಲ ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಮಾತು ಹಿಡಿತದಲ್ಲಿರಲಿ ಅಂತ ಇಲ್ಲಿ ಒಂದೇ ಪಾಕವನ್ನು ಇಟ್ಟುಕೊಳ್ಳೋಣ. 100 ಮಿ.ಲೀ. ನೀರಿಗೆ 4 ಗ್ರಾಂ ಮೆಕ್ಕೆಜೋಳದ ಅಥವಾ ಮರಗೆಣಸಿನ ಪಿಷ್ಟ. ಪಿಷ್ಟದ ತೂಕದ ಶೇ. 30ರಷ್ಟು ಗ್ಲಿಸರಿನ್, ಅಂದರೆ 1.2 ಗ್ರಾಂ. ಶೇ. 10ರಷ್ಟು ಲವಂಗದ ಎಣ್ಣೆ, ಅಂದರೆ 0.4 ಗ್ರಾಂ. ಎಣ್ಣೆ ನೀರಿನಲ್ಲಿ ಬೆರೆಯಲು ಚೂರು ಟ್ವೀನ್ 80. ಬೇಯಿಸಿ, ಆರಿಸಿ, ಎಣ್ಣೆ ಬೆರೆಸಿ, 9 ಸೆಂ.ಮೀ. ಪೆಟ್ರಿ ತಟ್ಟೆಗೆ 20 ಗ್ರಾಂ ಸುರಿದು, 40 ಡಿಗ್ರಿಯಲ್ಲಿ ಒಣಗಿಸುವುದು. ನಿಮ್ಮ ಪಾಕ ಸ್ವಲ್ಪ ಬೇರೆ ಇದ್ದರೂ ದೋಷ ಹುಡುಕುವ ದಾರಿ ಇದೇ.

ಮೊದಲು ಮೂರು ಫಿಲ್ಮ್ ಮಾಡಿ

ಯಾವ ದೂರೇ ಇರಲಿ, ಒಂದೇ ದಿನ, ಒಂದೇ ಓವನ್‌ನಲ್ಲಿ ಮೂರು ಬಗೆಯ ಫಿಲ್ಮ್ ಒಣಗಿಸಿ. ಮೊದಲನೆಯದು ಪಿಷ್ಟ ಮತ್ತು ಗ್ಲಿಸರಿನ್ ಮಾತ್ರ. ಎರಡನೆಯದಕ್ಕೆ ಎಣ್ಣೆ ಒಂದನ್ನು ಬಿಟ್ಟು ಉಳಿದದ್ದೆಲ್ಲ, ಅಂದರೆ ಟ್ವೀನ್ ಮತ್ತು ನೀವು ಬಳಸುತ್ತಿದ್ದರೆ ಎಥನಾಲ್. ಮೂರನೆಯದು ಪೂರ್ತಿ ಪಾಕ.

ಮೊದಲನೆಯದೇ ಬಿರುಕು ಬಿಟ್ಟರೆ ದೋಷ ಪಿಷ್ಟದಲ್ಲಿದೆ ಅಥವಾ ಒಣಗಿಸುವುದರಲ್ಲಿದೆ. ಎಣ್ಣೆಯ ಸುದ್ದಿಗೆ ಹೋಗಬೇಡಿ. ಎರಡನೆಯದು ಬ್ಯಾಕ್ಟೀರಿಯಾ ತಡೆದರೆ, ನೀವು ಇಷ್ಟು ದಿನ ಎಣ್ಣೆಯ ಗುಣ ಅಂದುಕೊಂಡದ್ದು ಎಣ್ಣೆಯದಲ್ಲ. ಮೂರನೆಯದು ಮಾತ್ರ ಕೆಟ್ಟರೆ ಎಣ್ಣೆಯ ಬೆನ್ನು ಹತ್ತಬಹುದು. ಈ ಎರಡನೇ ಫಿಲ್ಮ್ ಅನ್ನು ತುಂಬಾ ಜನ ಮಾಡುವುದೇ ಇಲ್ಲ. ಅದಿಲ್ಲದೆ ಮುಂದೆ ನೋಡುವ ಯಾವ ಫಲಿತಾಂಶಕ್ಕೂ ಆಧಾರ ಇರುವುದಿಲ್ಲ.

"ತಟ್ಟೆಯಲ್ಲಿ ಝೋನ್ ಬರುತ್ತಿಲ್ಲ"

ಅಗರ್ ತಟ್ಟೆ ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ತುಂಬಿದ ತಟ್ಟೆ. ಬ್ಯಾಕ್ಟೀರಿಯಾ ಬಳಿದ ಆ ತಟ್ಟೆಯ ಮೇಲೆ ಫಿಲ್ಮ್‌ನ ದುಂಡು ತುಂಡು (ಡಿಸ್ಕ್) ಇಟ್ಟಾಗ ಅದರ ಸುತ್ತ ಬೆಳವಣಿಗೆ ಇಲ್ಲದೆ ಉಳಿಯುವ ವೃತ್ತವೇ ಝೋನ್. ಅದು ಬರುತ್ತಿಲ್ಲ ಎನ್ನುವುದೇ ದೊಡ್ಡ ದೂರು. ಇದಕ್ಕೆ ಕಾರಣಗಳು ನಾಲ್ಕೈದು. ಸುಲಭವಾಗಿ ಕಣ್ಣಿಗೆ ಬೀಳುವುದರಿಂದ ಶುರು ಮಾಡೋಣ.

ಫಿಲ್ಮ್ ಅನ್ನು ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹಾಕಿದ್ದೀರಾ? ಹಾಕಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು. 121 ಡಿಗ್ರಿ ಹಬೆಯಲ್ಲಿ ಎಣ್ಣೆ ಹಾರಿಹೋಗುತ್ತದೆ, ಪಿಷ್ಟದ ಫಿಲ್ಮ್ ಮತ್ತೆ ಗಂಜಿಯಾಗುತ್ತದೆ. ಶುದ್ಧ ಮಾಡಲೇಬೇಕಾದರೆ ಸೋಸಿದ ಗಾಳಿ ಹಾಯುವ ಲ್ಯಾಮಿನಾರ್ ಹುಡ್‌ನಲ್ಲಿ ಯು.ವಿ. ದೀಪದ ಕೆಳಗೆ ಎರಡೂ ಬದಿ ಇಡಿ. ಅರಿಶಿನದ ಕರ್ಕ್ಯುಮಿನ್ ಹಾಕಿದ ಫಿಲ್ಮ್‌ಗೆ ಅದೂ ಆಗಿಬರುವುದಿಲ್ಲ. ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ.

ಆಮೇಲೆ ಲೆಕ್ಕ. ಏನೂ ಬೆರೆಸದ ಎಣ್ಣೆಯನ್ನು ಫಿಲ್ಟರ್ ಪೇಪರ್ ಡಿಸ್ಕ್ ಮೇಲೆ 10 ಮೈಕ್ರೊಲೀಟರ್ ಬಿಟ್ಟು "ಇದಕ್ಕೆ ಇಷ್ಟಗಲ ಝೋನ್ ಬಂತು, ಫಿಲ್ಮ್‌ಗೆ ಬರಲಿಲ್ಲ" ಎನ್ನುವವರಿದ್ದಾರೆ. ಲವಂಗದ ಎಣ್ಣೆ ನೀರಿಗಿಂತ ತುಸು ಭಾರ, ಹಾಗಾಗಿ 10 ಮೈಕ್ರೊಲೀಟರ್ ಅಂದರೆ ಸುಮಾರು 10 ಮಿಲಿಗ್ರಾಂ. ಈಗ ಫಿಲ್ಮ್ ನೋಡಿ. ನಮ್ಮ ಪಾಕದಲ್ಲಿ ಒಂದು ತಟ್ಟೆಗೆ ಬಿದ್ದದ್ದು ಸುಮಾರು 80 ಮಿಲಿಗ್ರಾಂ ಎಣ್ಣೆ. 9 ಸೆಂ.ಮೀ. ತಟ್ಟೆಯ ವಿಸ್ತೀರ್ಣ 63 ಚದರ ಸೆಂ.ಮೀ. ಚಿಲ್ಲರೆ. ಅದರಿಂದ 6 ಮಿ.ಮೀ. ಡಿಸ್ಕ್ ಕತ್ತರಿಸಿದರೆ ಅದರಲ್ಲಿರುವುದು ಹೆಚ್ಚೆಂದರೆ 0.36 ಮಿಲಿಗ್ರಾಂ. ಅಂದರೆ ಪೇಪರ್ ಡಿಸ್ಕ್‌ನಲ್ಲಿ ಸುಮಾರು 30 ಪಟ್ಟು ಎಣ್ಣೆ ಇದೆ! ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಫಿಲ್ಮ್‌ಗೆ ಅನ್ಯಾಯ ಮಾಡಿದಂತೆ. ಎಥನಾಲ್‌ನಲ್ಲಿ ಮಿಲಿಲೀಟರಿಗೆ 36 ಮಿಲಿಗ್ರಾಂ ಎಣ್ಣೆ ಕರಗಿಸಿ, ಅದರಿಂದ 10 ಮೈಕ್ರೊಲೀಟರ್ ಪೇಪರ್ ಡಿಸ್ಕ್‌ಗೆ ಬಿಡಿ. ಎಥನಾಲ್ ಆರಲು ಬಿಡಿ. ಈಗ ಹೋಲಿಕೆ ಸರಿಯಾಗುತ್ತದೆ. ಈ ಪೇಪರ್‌ಗೂ ಝೋನ್ ಬರಲಿಲ್ಲವೇ? ಹಾಗಾದರೆ ಫಿಲ್ಮ್ ಮಾಡುವ ವಿಧಾನದಲ್ಲಿ ತಪ್ಪಿದೆ ಎನ್ನಲಾಗದು, ಅಷ್ಟು ಎಣ್ಣೆಯನ್ನು ಆ ಪರೀಕ್ಷೆ ತೋರಿಸಲಾರದು. ಪೇಪರ್‌ಗೆ ಬಂದು ಫಿಲ್ಮ್‌ಗೆ ಬರದಿದ್ದರೆ ಎಣ್ಣೆ ದಾರಿಯಲ್ಲಿ ಕಳೆದುಹೋಗಿದೆ, ಇಲ್ಲವೇ ಫಿಲ್ಮ್ ಒಳಗೇ ಸಿಕ್ಕಿಕೊಂಡಿದೆ.

ಹಾಗೆಯೇ, ಡಿಸ್ಕ್ ಸೇರಿಸಿ ಅಳೆಯುವ ಪದ್ಧತಿಯಲ್ಲಿ 6 ಮಿ.ಮೀ. ಎಂದು ಬರೆದರೆ ಅದು ಸೊನ್ನೆ. ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ಆ 6 ಕೂಡ ಫಲಿತಾಂಶವಾಗಿ ಕೂತಿರುತ್ತದೆ.

ಡಿಸ್ಕ್ ತಟ್ಟೆಗೆ ಅಂಟಿದೆಯಾ ಅಂತಲೂ ನೋಡಿ. ಪಿಷ್ಟದ ಫಿಲ್ಮ್ ಅಗರ್ ಮೇಲೆ ಇಟ್ಟ ಕೂಡಲೇ ಒಂದೇ ಬದಿಯಿಂದ ನೀರು ಹೀರಿ ದೋಣಿಯ ಹಾಗೆ ಮೇಲೇಳುತ್ತದೆ. ಮಧ್ಯದಲ್ಲಿ ಮಾತ್ರ ತಾಗಿರುತ್ತದೆ, ಅಂಚು ಗಾಳಿಯಲ್ಲಿರುತ್ತದೆ. ಇಟ್ಟ ಹತ್ತು ನಿಮಿಷಕ್ಕೆ ಮತ್ತೊಮ್ಮೆ ತಟ್ಟೆ ತೆಗೆದು, ಶುದ್ಧ ಮಾಡಿದ ಚಿಮಟದಿಂದ ಮೆಲ್ಲಗೆ ಒತ್ತಿ.

ಬ್ಯಾಕ್ಟೀರಿಯಾ ಎಷ್ಟು ಬಳಿದಿದ್ದೀರಿ? ಬ್ಯಾಕ್ಟೀರಿಯಾ ದ್ರಾವಣವನ್ನು 0.5 ಮೆಕ್‌ಫಾರ್ಲ್ಯಾಂಡ್ ಎಂಬ ಗೊತ್ತಾದ ಮಬ್ಬಿನ ಮಟ್ಟಕ್ಕೆ ಸರಿಹೊಂದಿಸಿದರೆ ಮಿಲಿಲೀಟರಿಗೆ ಸುಮಾರು 15 ಕೋಟಿ ಜೀವಕೋಶ. ಕಣ್ಣಂದಾಜಿನಲ್ಲಿ ಇದಕ್ಕಿಂತ ಹತ್ತು ಪಟ್ಟು ಬಳಿದರೆ ಎಂಥ ಫಿಲ್ಮ್ ಕೂಡ ಸೋಲುತ್ತದೆ. ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಯಾವುದು ಅನ್ನುವುದೂ ಮುಖ್ಯ. ಚಂಡೀಗಢದ ಎಂ.ಟಿ.ಸಿ.ಸಿ.ಯಂಥ ಸೂಕ್ಷ್ಮಜೀವಿ ಸಂಗ್ರಹ ಕೇಂದ್ರದಿಂದ ಹೆಸರು, ನಂಬರ್ ಸಹಿತ ತರಿಸಿದ್ದರೆ ಇನ್ನೊಬ್ಬರ ಫಲಿತಾಂಶದ ಜೊತೆ ಹೋಲಿಸಬಹುದು. ಸ್ಟ್ಯಾಫಿಲೋಕಾಕಸ್ ಮೇಲೆ ಕೆಲಸ ಮಾಡಿ ಇ. ಕೊಲೈ ಮೇಲೆ ಮಾಡದಿದ್ದರೆ ಅದು ನಿಮ್ಮ ದೋಷವಲ್ಲ. ಇ. ಕೊಲೈಯಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಹೆಚ್ಚಿನ ಪೊರೆ ಇದೆ. ಗಿಡದ ಎಣ್ಣೆಗಳು ಅದನ್ನು ದಾಟಿ ಹೋಗುವುದು ಕಷ್ಟ.

ಇಷ್ಟೆಲ್ಲ ಸರಿಯಿದ್ದೂ ಝೋನ್ ಇಲ್ಲವೇ? ಡಿಸ್ಕ್ ಎತ್ತಿ ಅದರ ಕೆಳಗೆ ನೋಡಿ. ಅಡಿಯಲ್ಲಿ ಬೆಳವಣಿಗೆ ಇಲ್ಲದೆ ಸ್ವಚ್ಛವಾಗಿದ್ದರೆ ಫಿಲ್ಮ್ ತಾಗಿದ ಕಡೆ ಕೆಲಸ ಮಾಡುತ್ತಿದೆ, ಎಣ್ಣೆ ಅಗರ್ ಒಳಗೆ ಹರಡುತ್ತಿಲ್ಲ ಅಷ್ಟೆ. ಎಣ್ಣೆ ನೀರಿನಲ್ಲಿ ಕರಗುವುದೇ ಕಡಿಮೆ, ಹರಡುವುದು ಎಲ್ಲಿಂದ ಬಂತು? ಇಂಥ ಫಿಲ್ಮ್‌ಗೆ ಝೋನ್ ಪರೀಕ್ಷೆ ಬಿಟ್ಟು ಬೇರೆ ದಾರಿ ಹಿಡಿಯಬೇಕು. ಬ್ಯಾಕ್ಟೀರಿಯಾ ಇರುವ ದ್ರಾವಣದಲ್ಲಿ ಫಿಲ್ಮ್ ತುಂಡು ಹಾಕಿ ಅಲ್ಲಾಡಿಸಿ, ಗಂಟೆಗಂಟೆಗೆ ಎಷ್ಟು ಉಳಿದಿವೆ ಎಂದು ಎಣಿಸಿ. ಆವಿಯ ಪರೀಕ್ಷೆ ಇನ್ನೂ ಸುಲಭ. ಬ್ಯಾಕ್ಟೀರಿಯಾ ಬಳಿದ ತಟ್ಟೆಯನ್ನು ತಲೆಕೆಳಗಾಗಿಸಿ, ಫಿಲ್ಮ್ ತುಂಡನ್ನು ಮುಚ್ಚಳದಲ್ಲಿಟ್ಟು, ಸುತ್ತ ಪ್ಯಾರಾಫಿಲ್ಮ್ (ಹಿಗ್ಗುವ ಮೇಣದಂಥ ಪಟ್ಟಿ) ಸುತ್ತಿ ಇನ್ಕ್ಯುಬೇಟರ್‌ನಲ್ಲಿಡಿ. ಫಿಲ್ಮ್ ತಾಗದೆಯೇ ಬೆಳವಣಿಗೆ ತಗ್ಗಿದರೆ ಎಣ್ಣೆ ಆವಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಬ್ರೆಡ್‌ನಂಥ ತಿಂಡಿಗೆ ಈ ಗುಣವೇ ಬೇಕಾದದ್ದು.

ಎಣ್ಣೆ ಕಳೆದುಹೋಗುವ ಜಾಗಗಳು

ಲವಂಗದ ಎಣ್ಣೆಯ ಮುಖ್ಯ ಸತ್ವ ಯುಜೆನಾಲ್. ಅದು ಕುದಿಯುವುದು ಸುಮಾರು 254 ಡಿಗ್ರಿಯಲ್ಲಿ. ಇದನ್ನು ಓದಿ "40 ಡಿಗ್ರಿ ಓವನ್‌ನಲ್ಲಿ ಏನೂ ಆಗಲ್ಲ" ಅಂದುಕೊಳ್ಳುವುದು ಸಹಜ. ಆದರೆ ಯುಜೆನಾಲ್ ನೀರಿನ ಆವಿಯ ಜೊತೆ ಸೇರಿ ಹೊರಟುಬಿಡುತ್ತದೆ. ಲವಂಗದಿಂದ ಎಣ್ಣೆ ತೆಗೆಯುವುದೇ ಹಬೆ ಹಾಯಿಸಿ ಅಲ್ವಾ? ನಮ್ಮ ತಟ್ಟೆಯಿಂದ 18 ಗ್ರಾಂಗಿಂತ ಹೆಚ್ಚು ನೀರು ಆವಿಯಾಗಬೇಕು. ಅಷ್ಟು ಹೊತ್ತೂ ಎಣ್ಣೆ ಸ್ವಲ್ಪಸ್ವಲ್ಪವೇ ಅದರ ಹಿಂದೆ ಹೋಗುತ್ತಿರುತ್ತದೆ. ಓವನ್ ಬಾಗಿಲು ತೆಗೆದಾಗ ಲವಂಗದ ವಾಸನೆ ಘಮ್ಮೆಂದು ಬಂದರೆ ಸಂತೋಷಪಡಬೇಡಿ. ಫಿಲ್ಮ್‌ನಲ್ಲಿ ಇರಬೇಕಾದದ್ದು ಗಾಳಿಗೆ ಬಂದಿದೆ.

ಎಷ್ಟು ಉಳಿದಿದೆ ಎಂದು ಊಹಿಸುವುದು ಬೇಡ, ಅಳೆಯಬಹುದು. ತೂಕ ಗೊತ್ತಿರುವ ಫಿಲ್ಮ್ ತುಂಡನ್ನು ಸಣ್ಣಗೆ ಕತ್ತರಿಸಿ, ಎಥನಾಲ್‌ನಲ್ಲಿ ರಾತ್ರಿಯಿಡೀ ಮುಚ್ಚಿಟ್ಟು, ಸೋಸಿ, ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಉಪಕರಣ) 280 ನ್ಯಾನೊಮೀಟರ್ ಸುಮಾರಿನಲ್ಲಿ ಓದಿ. ಯುಜೆನಾಲ್ ಅಲ್ಲಿ ಬೆಳಕು ಹೀರುತ್ತದೆ. ನಿಮ್ಮದೇ ಎಣ್ಣೆಯನ್ನು ಎಥನಾಲ್‌ನಲ್ಲಿ ನಾಲ್ಕೈದು ಪ್ರಮಾಣದಲ್ಲಿ ಕರಗಿಸಿ, ಯಾವ ಪ್ರಮಾಣಕ್ಕೆ ಎಷ್ಟು ಓದು ಎಂದು ಗ್ರಾಫ್‌ನಲ್ಲಿ ಗೆರೆ ಹಾಕಿಕೊಂಡಿದ್ದರೆ ಸಾಕು. ಉಪಕರಣವನ್ನು ಸೊನ್ನೆಗೆ ತರಲು, ಎಣ್ಣೆ ಇಲ್ಲದ ಆ ಎರಡನೇ ಫಿಲ್ಮ್ ನೆನೆಸಿ ಸೋಸಿದ ಎಥನಾಲ್ ಬಳಸಿ. ಹಾಕಿದ್ದರಲ್ಲಿ ಅರ್ಧವೂ ಇಲ್ಲವೆಂದು ಬಂದರೆ ಈ ಮೂರು ಜಾಗ ನೋಡಿ.

ಒಂದು, ಎಣ್ಣೆ ಹಾಕುವಾಗ ಗಂಜಿ ಎಷ್ಟು ಬಿಸಿ ಇತ್ತು? 90 ಡಿಗ್ರಿ ಗಂಜಿಗೆ ಸುರಿದರೆ ಕಣ್ಣೆದುರೇ ಹೋಗುತ್ತದೆ. 50 ಡಿಗ್ರಿಗಿಂತ ಕೆಳಗೆ ಇಳಿಯಲು ಬಿಡಿ. ತೀರಾ ತಣ್ಣಗಾದರೂ ಕಷ್ಟ, ಗಂಜಿ ಗಟ್ಟಿಯಾಗಿ ಎಣ್ಣೆ ಬೆರೆಯುವುದಿಲ್ಲ. ಎರಡು, ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವ ಹೊಮೊಜಿನೈಜರ್ ಓಡುವಾಗ ಗಂಜಿ ತಾನೇ ಬಿಸಿಯಾಗುತ್ತದೆ. ಬೀಕರ್ ಅನ್ನು ತಣ್ಣೀರಿನಲ್ಲಿಟ್ಟು, ಬಿಟ್ಟುಬಿಟ್ಟು ಓಡಿಸಿ. ಮೂರನೆಯದು ಗಮನಕ್ಕೆ ಬಾರದೆ ಉಳಿಯುವಂಥದ್ದು: ಒಣಗಿದ ಮೇಲೆ ಇಟ್ಟ ಜಾಗ. ಫಿಲ್ಮ್ ಅನ್ನು ತೆರೆದ ಡೆಸಿಕೇಟರ್‌ನಲ್ಲೋ (ತೇವ ಹೀರುವ ಪಾತ್ರೆ) ಪೇಪರ್ ಕವರ್‌ನಲ್ಲೋ ವಾರಗಟ್ಟಲೆ ಇಟ್ಟು ಆಮೇಲೆ ಪರೀಕ್ಷೆ ಮಾಡಿದರೆ ಎಣ್ಣೆ ಇನ್ನೆಲ್ಲಿ? ಒಣಗಿದ ಕೂಡಲೇ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಗಾಳಿ ಆಡದ ಡಬ್ಬಿಯಲ್ಲಿಡಿ.

ಎಣ್ಣೆ ಫಿಲ್ಮ್‌ನಲ್ಲೇ ಇದೆ, ಆದರೆ ಒಂದೇ ಕಡೆ ಇದೆ

ಇದನ್ನು ಹಿಡಿಯಲು ಉಪಕರಣವೇ ಬೇಡ. ಫಿಲ್ಮ್ ಅನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದೇ ಸಮನೆ ಮಬ್ಬಾಗಿದ್ದರೆ ಎಣ್ಣೆ ಚೆನ್ನಾಗಿ ಒಡೆದಿದೆ. ಅಲ್ಲಲ್ಲಿ ಗುಂಡಗಿನ ಪಾರದರ್ಶಕ ಚುಕ್ಕೆ ಕಂಡರೆ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಿವೆ. ಟಿಶ್ಯೂ ಪೇಪರ್ ಮೇಲೆ ಫಿಲ್ಮ್ ಇಟ್ಟು ಒತ್ತಿದಾಗ ಪೇಪರ್‌ನಲ್ಲಿ ಜಿಡ್ಡಿನ ಕಲೆ ಉಳಿದರೆ ಅನುಮಾನವೇ ಬೇಡ.

ಲವಂಗದ ಎಣ್ಣೆಯಲ್ಲಿ ಇನ್ನೊಂದು ವಿಶೇಷವಿದೆ. ಕಿತ್ತಳೆ ಸಿಪ್ಪೆಯ ಎಣ್ಣೆ, ಓಮದ ಎಣ್ಣೆ ನೀರಿನ ಮೇಲೆ ತೇಲುತ್ತವೆ. ಲವಂಗದ್ದು ಮುಳುಗುತ್ತದೆ. ಸರಿಯಾಗಿ ಒಡೆಯದ ಹನಿಗಳು ಒಣಗುವ ಹೊತ್ತಿಗೆ ತಟ್ಟೆಯ ತಳ ಸೇರುತ್ತವೆ. ಆಗ ಫಿಲ್ಮ್‌ನ ತಳದ ಬದಿ ಬ್ಯಾಕ್ಟೀರಿಯಾ ತಡೆಯುತ್ತದೆ, ಮೇಲಿನ ಬದಿ ತಡೆಯುವುದಿಲ್ಲ. ಒಮ್ಮೆ ಫಲಿತಾಂಶ ಬಂತು, ಒಮ್ಮೆ ಬರಲಿಲ್ಲ ಎನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಡಿಸ್ಕ್ ಯಾವ ಬದಿ ಕೆಳಗಾಗಿ ಬಿತ್ತೋ ಅದರ ಮೇಲೆ ಫಲ! ಫಿಲ್ಮ್ ಬಿಡಿಸುವಾಗಲೇ ಒಂದು ಬದಿಗೆ ಮಾರ್ಕರ್‌ನಿಂದ ಗುರುತು ಹಾಕಿ, ಎರಡೂ ಬದಿಯನ್ನು ಬೇರೆಬೇರೆ ಪರೀಕ್ಷಿಸಿ. ವ್ಯತ್ಯಾಸ ಕಂಡರೆ ಟ್ವೀನ್ ಅನ್ನು ಮೊದಲು ಎಣ್ಣೆಗೆ ಸೇರಿಸಿ ಆಮೇಲೆ ಗಂಜಿಗೆ ಹಾಕಿ, ಹೊಮೊಜಿನೈಜರ್ ವೇಗ ಹೆಚ್ಚಿಸಿ, ಬೆರೆಸಿದ ಮೇಲೆ ತಡ ಮಾಡದೆ ಸುರಿಯಿರಿ. ಮ್ಯಾಗ್ನೆಟಿಕ್ ಸ್ಟಿರರ್ ಒಂದರಿಂದಲೇ ಈ ಕೆಲಸ ಆಗುವುದಿಲ್ಲ.

"ಫಿಲ್ಮ್ ಹಪ್ಪಳದ ಹಾಗೆ ಮುರಿಯುತ್ತದೆ" ಮತ್ತು "ಕೈಗೆ ಅಂಟುತ್ತದೆ"

ಈ ಎರಡು ದೂರನ್ನೂ ಒಟ್ಟಿಗೇ ನೋಡಬೇಕು. ಎರಡಕ್ಕೂ ಕಾರಣ ನೀರು. ಗ್ಲಿಸರಿನ್ ಪಿಷ್ಟದ ಎಳೆಗಳ ನಡುವೆ ಕೂತು ಅವನ್ನು ಸಡಿಲ ಮಾಡುತ್ತದೆ, ಜೊತೆಗೆ ಗಾಳಿಯಿಂದ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಒಂದೇ ಫಿಲ್ಮ್ ಏಪ್ರಿಲ್‌ನ ಕಲಬುರಗಿಯಲ್ಲಿ ಮಡಿಸಿದರೆ ಚಟ್ಟನೆ ಮುರಿಯುತ್ತದೆ, ಜುಲೈನ ಮಂಗಳೂರಿನಲ್ಲಿ ಬೆರಳಿಗೆ ಅಂಟುತ್ತದೆ. ಪಾಕದಲ್ಲಿ ಒಂದು ಗ್ರಾಂ ಕೂಡ ಬದಲಾಗಿಲ್ಲ!

ಹಾಗಾಗಿ ಗ್ಲಿಸರಿನ್ ಮುಟ್ಟುವ ಮೊದಲು ಗಾಳಿಯನ್ನು ಒಂದೇ ಮಟ್ಟಕ್ಕೆ ತನ್ನಿ. ಮುಚ್ಚಿದ ಡಬ್ಬಿಯ ತಳದಲ್ಲಿ ಮೆಗ್ನೀಸಿಯಂ ನೈಟ್ರೇಟ್‌ನ ಪೂರ್ತಿ ಕರಗದೆ ಉಳಿಯುವಷ್ಟು ಗಟ್ಟಿ ದ್ರಾವಣ ಇಟ್ಟರೆ 25 ಡಿಗ್ರಿಯಲ್ಲಿ ಒಳಗಿನ ತೇವಾಂಶ ಸುಮಾರು ಶೇ. 53ಕ್ಕೆ ನಿಲ್ಲುತ್ತದೆ. ಅಡುಗೆ ಉಪ್ಪಿನ ದ್ರಾವಣಕ್ಕೆ ಶೇ. 75. ಫಿಲ್ಮ್ ಅನ್ನು ಎರಡು ದಿನ ಶೇ. 53ರ ಡಬ್ಬಿಯಲ್ಲಿ, ದ್ರಾವಣಕ್ಕೆ ತಾಗದ ಹಾಗೆ ಜಾಲರಿಯ ಮೇಲಿಡಿ. ಆಗಲೂ ಮುರಿದರೆ ಗ್ಲಿಸರಿನ್ ಕಡಿಮೆ. ಆಗಲೂ ಅಂಟಿದರೆ ಜಾಸ್ತಿ. ಅಲ್ಲಿ ಸರಿಯಿದ್ದು ಹೊರಗೆ ಮಾತ್ರ ಕೆಟ್ಟರೆ ಪಾಕ ಸರಿಯಿದೆ, ಇಡುವ ಜಾಗ ಸರಿಯಿಲ್ಲ. ಈ ಡಬ್ಬಿಯಲ್ಲಿಟ್ಟಾಗಲೂ ಎಣ್ಣೆ ಸ್ವಲ್ಪ ಹಾರುತ್ತದೆ. ಬಲ ಅಳೆಯುವ ಫಿಲ್ಮ್ ಬೇರೆ, ಬ್ಯಾಕ್ಟೀರಿಯಾ ಪರೀಕ್ಷೆಯ ಫಿಲ್ಮ್ ಬೇರೆ ಇಟ್ಟುಕೊಳ್ಳಿ.

ಮೊದಲ ವಾರ ಮೆತ್ತಗಿದ್ದ ಫಿಲ್ಮ್ ತಿಂಗಳಾಗುವಾಗ ಗಡುಸಾದರೆ ಅದು ಪಿಷ್ಟದ ಸ್ವಭಾವ. ಬೆಂದ ಪಿಷ್ಟದ ಎಳೆಗಳು ನಿಧಾನಕ್ಕೆ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಪೂರ್ತಿ ತಡೆಯಲು ಆಗುವುದಿಲ್ಲ. ಮೊದಲ ದಿನದಿಂದಲೇ ಪುಡಿಪುಡಿಯಾದರೆ ಮಾತ್ರ ಬೇಯಿಸಿದ್ದು ಸಾಲದು. 70 ಡಿಗ್ರಿಯಲ್ಲಿ ಗಂಜಿ ದಪ್ಪವಾಗುತ್ತದೆ, ಆದರೆ ಪಿಷ್ಟದ ಕಣಗಳು ಪೂರ್ತಿ ಒಡೆದಿರುವುದಿಲ್ಲ. 90 ಡಿಗ್ರಿಯಲ್ಲಿ ಅರ್ಧ ಗಂಟೆ, ತಳ ಹಿಡಿಯದ ಹಾಗೆ ಕಲಕುತ್ತಾ ಬೇಯಿಸಿ. ಪಿಷ್ಟ ಯಾವುದು ಅಂತಲೂ ಚೀಲದ ಮೇಲೆ ನೋಡಿ. ವ್ಯಾಕ್ಸಿ ಜಾತಿಯ ಮೆಕ್ಕೆಜೋಳದ ಪಿಷ್ಟದಲ್ಲಿ ಅಮೈಲೋಸ್ (ಪಿಷ್ಟದ ಉದ್ದನೆಯ ನೇರ ಎಳೆ) ಇಲ್ಲವೇ ಇಲ್ಲ ಎನ್ನಬಹುದು. ಅದರಿಂದ ಗಟ್ಟಿ ಫಿಲ್ಮ್ ಆಗುವುದಿಲ್ಲ.

ಅಂಚು ಸುರುಳಿ ಸುತ್ತಿಕೊಂಡರೆ ಮೇಲಿನ ಪದರ ಬೇಗ ಒಣಗಿದೆ, ಓವನ್ ಫ್ಯಾನ್ ನಿಲ್ಲಿಸಿ ನೋಡಿ. ಗುಳ್ಳೆ, ಸೂಜಿ ತೂತು ಕಂಡರೆ ಸುರಿಯುವ ಮೊದಲು ವ್ಯಾಕ್ಯೂಮ್‌ನಲ್ಲಿ ಗಾಳಿ ತೆಗೆಯಿರಿ, ಆದರೆ ಸ್ವಲ್ಪ ಹೊತ್ತು ಮಾತ್ರ, ಇಲ್ಲದಿದ್ದರೆ ಎಣ್ಣೆಯೂ ಹೋಗುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಓವನ್ ಜಾಲರಿಗೆ ರಸಮಟ್ಟ ಇಟ್ಟು ನೋಡಿ.

ಎಣ್ಣೆ ಬದಲು ಎಲೆಯ ಸಾರ ಹಾಕಿದ್ದರೆ

ವೀಳ್ಯದೆಲೆ, ತುಳಸಿ, ದಾಳಿಂಬೆ ಸಿಪ್ಪೆಯ ಸಾರ ಹಾಕಿದವರ ತೊಂದರೆ ಬೇರೆ. ಸಾರದಲ್ಲಿ ಬ್ಯಾಕ್ಟೀರಿಯಾ ತಡೆಯುವ ಫೀನಾಲ್‌ಗಳ ಜೊತೆ ಸಕ್ಕರೆಯೂ ಇರುತ್ತದೆ. ತೇವದ ದಿನಗಳಲ್ಲಿ ಪಿಷ್ಟ ಮತ್ತು ಸಕ್ಕರೆ ಸೇರಿ ಬೂಷ್ಟಿಗೆ ಒಳ್ಳೆ ಊಟ. ಹಾಗಾಗಿ ಬ್ಯಾಕ್ಟೀರಿಯಾ ತಡೆಯುವ ಫಿಲ್ಮ್ ಮೇಲೆಯೇ ಬೂಷ್ಟು ಹಿಡಿಯುವುದುಂಟು. ಇಲ್ಲಿ ಸಾರ ಜಾಸ್ತಿ ಮಾಡಿದರೆ ಸಕ್ಕರೆಯೂ ಜಾಸ್ತಿಯಾಗುತ್ತದೆ. ನೀರಿನ ಬದಲು ಎಥನಾಲ್ ಹೆಚ್ಚಿರುವ ದ್ರಾವಣದಲ್ಲಿ ಸಾರ ತೆಗೆದರೆ ಸಕ್ಕರೆ ಕಡಿಮೆ ಬರುತ್ತದೆ. ಮೆಥನಾಲ್‌ನಲ್ಲಿ ತೆಗೆದ ಸಾರವನ್ನು ಮಾತ್ರ ಆಹಾರಕ್ಕೆ ತಾಗುವ ಫಿಲ್ಮ್‌ಗೆ ಹಾಕಲೇಬೇಡಿ.

ಪಿಷ್ಟದ ಬದಲು ಕೈಟೊಸಾನ್ (ಸೀಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಪದಾರ್ಥ) ಬಳಸಿ ಫಿಲ್ಮ್ ಮಾಡುವವರಿಗೆ ಎರಡು ಮಾತು. ಕೈಟೊಸಾನ್ ಕರಗಿಸಲು ಶೇ. 1ರ ಅಸಿಟಿಕ್ ಆಮ್ಲ ಬಳಸುತ್ತೀರಿ. ಒಣಗಿದ ಮೇಲೂ ಅದು ಸ್ವಲ್ಪ ಉಳಿದಿರುತ್ತದೆ, ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಸಾರ ಇಲ್ಲದ ಎರಡನೇ ಫಿಲ್ಮ್‌ಗೂ ಅಷ್ಟೇ ಫಲಿತಾಂಶ ಬಂದರೆ ಆ ಕೆಲಸ ಆಮ್ಲದ್ದೋ ಕೈಟೊಸಾನ್‌ನದೋ ಹೊರತು ನಿಮ್ಮ ಎಲೆಯದಲ್ಲ. ಇನ್ನೊಂದು, ಸಾರ ಸುರಿದ ಕೂಡಲೇ ದ್ರಾವಣದಲ್ಲಿ ಹಿಂಜಿದಂಥ ಗಂಟು ಕಂಡರೆ ಸಾರದಲ್ಲಿನ ಒಗರು ಪದಾರ್ಥಗಳಾದ ಟ್ಯಾನಿನ್‌ಗಳು ಕೈಟೊಸಾನ್ ಜೊತೆ ಕಟ್ಟಿಕೊಂಡಿವೆ. ಹೀಗೆ ಕಟ್ಟಿಕೊಂಡ ಟ್ಯಾನಿನ್ ಫಿಲ್ಮ್‌ನಿಂದ ಹೊರಗೆ ಬರುವುದು ಕಷ್ಟ. ಸಾರವನ್ನು ತೆಳು ಮಾಡಿ, ಹನಿಹನಿಯಾಗಿ, ಕಲಕುತ್ತಾ ಹಾಕಿ.

"ಲ್ಯಾಬ್‌ನಲ್ಲಿ ಚೆನ್ನಾಗಿದೆ, ಪನ್ನೀರ್ ಮಾತ್ರ ಕೆಡುತ್ತದೆ"

ಇಲ್ಲಿಯವರೆಗೆ ಬಂದಿದ್ದೀರಿ ಅಂದರೆ ಫಿಲ್ಮ್ ಸರಿಯಿದೆ. ಈಗ ನೋಡಬೇಕಾದದ್ದು ತಿಂಡಿಯನ್ನು.

ಪನ್ನೀರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ. ಪಿಷ್ಟದ ಫಿಲ್ಮ್ ಅದನ್ನು ಹೀರಿ ಊದುತ್ತದೆ, ಒಳಗಿನ ಎಣ್ಣೆ ಒಂದೇ ಸಲಕ್ಕೆ ಹೊರಬಂದುಬಿಡುತ್ತದೆ, ಮರುದಿನಕ್ಕೆ ಏನೂ ಉಳಿಯುವುದಿಲ್ಲ. ಜೊತೆಗೆ ಪನ್ನೀರ್‌ನ ಕೊಬ್ಬು ಯುಜೆನಾಲ್ ಅನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ, ಎಣ್ಣೆ ಸೇರಿದ್ದು ಕೊಬ್ಬಿನಲ್ಲಿ. ಅಗರ್ ತಟ್ಟೆಯಲ್ಲಿ ಸಾಕಾದ ಪ್ರಮಾಣ ಪನ್ನೀರ್‌ಗೆ ಸಾಲದೇ ಹೋಗುವುದು ಹೀಗೆ. ಇದು ನಿಜವೇ ಅಂತ ನೋಡಲು ಒಂದು ದಿನ ಸುತ್ತಿಟ್ಟ ಫಿಲ್ಮ್ ಅನ್ನು ಬಿಡಿಸಿ, ಅದರಲ್ಲಿ ಉಳಿದ ಎಣ್ಣೆಯನ್ನು ಮೊದಲಿನ ಹಾಗೇ 280ರಲ್ಲಿ ಅಳೆಯಿರಿ. ಹಾಲಿನ ಪ್ರೋಟೀನ್ ಕೂಡ ಅಲ್ಲೇ ಬೆಳಕು ಹೀರುವುದರಿಂದ, ಎಣ್ಣೆ ಇಲ್ಲದ ಫಿಲ್ಮ್ ಒಂದನ್ನೂ ಪನ್ನೀರ್‌ಗೆ ಸುತ್ತಿಟ್ಟು ಅದನ್ನೇ ಸೊನ್ನೆಯಾಗಿ ಹಿಡಿಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ಬರೀ ಪಿಷ್ಟದ ಫಿಲ್ಮ್ ಅನ್ನು ಪನ್ನೀರ್‌ಗೆ ಸುತ್ತುವ ಹಟ ಬಿಡಬೇಕು. ಅದೇ ಫಿಲ್ಮ್ ಬ್ರೆಡ್, ಚಪಾತಿ, ಒಣ ತಿಂಡಿಗೆ ಒದಗುತ್ತದೆ. ಬ್ರೆಡ್ ಇರುವ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿದರೂ ಆವಿಯಿಂದ ಕೆಲಸ ನಡೆಯುತ್ತದೆ. ಹಣ್ಣು ತರಕಾರಿಯಲ್ಲಿ ಮೊದಲು ನೋಡಬೇಕಾದದ್ದು ಒಳಗೆ ಕೂತ ನೀರ ಹನಿ. ಹಣ್ಣು ಉಸಿರಾಡುತ್ತದೆ, ಗಾಳಿ ಆಡಲು ದಾರಿ ಇಲ್ಲದಿದ್ದರೆ ಆ ಹನಿಯಲ್ಲೇ ಬೂಷ್ಟು ಶುರು. ಇದಕ್ಕೆ ಎಣ್ಣೆ ಮದ್ದಲ್ಲ, ತೂತು ಮದ್ದು.

ಇನ್ನು ಎಣ್ಣೆ ಹೆಚ್ಚಿಸುವ ಪ್ರಶ್ನೆ. ಅಳೆದಾಗ ಹಾಕಿದ್ದರಲ್ಲಿ ಮುಕ್ಕಾಲು ಭಾಗ ಫಿಲ್ಮ್‌ನಲ್ಲೇ ಸಿಗಬೇಕು, ಎರಡೂ ಬದಿ ಒಂದೇ ಸಮನೆ ಇರಬೇಕು, ತಿಂಡಿಯೂ ಆ ಫಿಲ್ಮ್‌ಗೆ ಹೊಂದಬೇಕು. ಇದೆಲ್ಲ ಇದ್ದೂ ಸಾಲದಿದ್ದರೆ ಆಗ ಹೆಚ್ಚಿಸಿ. ಬೂಷ್ಟೇ ಮುಖ್ಯ ತೊಂದರೆಯಾದರೆ ದಾಲ್ಚಿನ್ನಿ ಎಣ್ಣೆಯನ್ನೂ ಒಮ್ಮೆ ನೋಡಿ, ಅದರ ಸಿನ್ನಮಾಲ್ಡಿಹೈಡ್ ಬೂಷ್ಟಿನ ಮೇಲೆ ಜೋರು. ಪ್ರತಿ ಸಲ ಹೆಚ್ಚಿಸಿದಾಗಲೂ ಆ ಫಿಲ್ಮ್‌ನಲ್ಲಿಟ್ಟ ಬ್ರೆಡ್ ಅನ್ನು, ಏನು ಹಾಕಿದ್ದೀರಿ ಅಂತ ಗೊತ್ತಿಲ್ಲದ ನಾಲ್ಕು ಜನರಿಗೆ ಕೊಟ್ಟು ತಿನ್ನಿಸಿ. "ಇದೇನು, ಹಲ್ಲುನೋವಿನ ಔಷಧಿ ವಾಸನೆ?" ಅಂತ ಒಬ್ಬರು ಕೇಳಿದರೂ ಹಿಂದಿನ ಪ್ರಮಾಣಕ್ಕೆ ಇಳಿಯಿರಿ.